ವೃದ್ಧರ ಆಸರೆ ಸಂತ ಜೀನ್ ಜುಗಾನ್

ಆಗಸ್ಟ್ 30 ಸಂತ ಜೀನ್ ಜುಗಾನ್ ಅವರ ಹಬ್ಬದ ದಿನ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಡ ವೃದ್ಧರಿಗೆ ಆಶ್ರಯವಿತ್ತಿರುವ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್, ಅಂದರೆ ಬಡವರ ಕಿರಿಯ ಸಹೋದರಿಯರ ಸಭೆಯನ್ನು ಬಲ್ಲವರಿಗೆ ಈ ಹೆಸರು ಅಪರಿಚಿತವಲ್ಲ. ಆ ಸಭೆಯ ಸ್ಥಾಪಕಿಯೇ ಜೀನ್ ಜುಗಾನ್. ವೃದ್ಧಾಶ್ರಮವೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಈಗ ನಮ್ಮ ಮನಸ್ಸು 2020ನೆಯ ವರ್ಷದತ್ತ ಹೊರಳುತ್ತದೆ. ಕೋವಿಡ್ ಮಹಾಮಾರಿ ಜಗತ್ತನ್ನು ಆವರಿಸಿದ ಆ ವರ್ಷ ವೃದ್ಧಾಶ್ರಮಗಳ ಬಾಗಿಲುಗಳು ಮುಚ್ಚಿದವು. ಮಕ್ಕಳು ಗೇಟಿನ ಹೊರಗೆ ನಿಂತರು, ತಾಯಂದಿರು ಕಿಟಕಿಯ ಒಳಗೆ ನಿಂತರು. ವೃದ್ಧರನ್ನು ರೋಗದಿಂದ ಕಾಪಾಡುವುದೋ, ಅವರನ್ನು ಒಂಟಿತನದಿಂದ ಕಾಪಾಡುವುದೋ ಎಂಬ ಕಠಿಣ ಪ್ರಶ್ನೆ ಅಂದು ಅನೇಕ ಕುಟುಂಬಗಳನ್ನು ಕಾಡಿತು. ಈ ಎರಡನ್ನೂ ಒಂದೇ ಸೇವೆಯೆಂದು ತಿಳಿದು ಬಾಳಿದ ಒಬ್ಬ ಬಡ ಸ್ತ್ರೀಯ ಜೀವನವನ್ನು ಈ ವಾರ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಜೀನ್ ಜುಗಾನ್ 1792ರ ಅಕ್ಟೋಬರ್ 25ರಂದು ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ ಜನಿಸಿದರು. ಅದು ಫ್ರೆಂಚ್ ಮಹಾಕ್ರಾಂತಿಯ ಕಾಲ. ದೇವಾಲಯಗಳು ಮುಚ್ಚಿದ್ದವು, ಧರ್ಮಗುರುಗಳು ತಲೆಮರೆಸಿಕೊಂಡು ಸಂಸ್ಕಾರಗಳನ್ನು ನೀಡುತ್ತಿದ್ದರು, ಮಕ್ಕಳಿಗೆ ಧರ್ಮೋಪದೇಶವನ್ನು ಮನೆಯ ಒಳಗೆ ಗುಟ್ಟಾಗಿ ಕಲಿಸಬೇಕಾಗಿತ್ತು. ತಂದೆ ಜೋಸೆಫ್ ಮೀನುಗಾರರು. ಜೀನ್ ಇನ್ನೂ ನಾಲ್ಕು ವರ್ಷದ ಮಗುವಾಗಿದ್ದಾಗ ಕಡಲಿಗೆ ಹೋದ ತಂದೆ ಮರಳಿ ಬರಲಿಲ್ಲ. ನಮ್ಮ ಕರಾವಳಿಯ ಮೀನುಗಾರ ಕುಟುಂಬಗಳಿಗೆ ಈ ದುಃಖವನ್ನು ವಿವರಿಸಿ ಹೇಳಬೇಕಾಗಿಲ್ಲ. ತಾಯಿ ಮರಿ ದಿನಗೂಲಿ ಮಾಡಿ ಮಕ್ಕಳನ್ನು ಸಾಕಿದರು. ಹುಟ್ಟಿದ ಎಂಟು ಮಕ್ಕಳಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಪುಟ್ಟ ಜೀನ್ ಕಡಲ ಮೇಲಣ ಗುಡ್ಡದಲ್ಲಿ ದನ ಕಾಯುತ್ತ, ಉಣ್ಣೆ ಹೆಣೆಯುತ್ತ, ಜಪಸರ ಹೇಳುತ್ತ ಬೆಳೆದರು.

ಹದಿನೈದು-ಹದಿನಾರರ ವಯಸ್ಸಿನಲ್ಲಿ ಅವರು ಹತ್ತಿರದ ಸಿರಿವಂತರ ಮನೆಯೊಂದರಲ್ಲಿ ಅಡಿಗೆಯ ಕೆಲಸಕ್ಕೆ ಸೇರಿದರು. ಆ ಮನೆಯ ಒಡತಿ ಧರ್ಮನಿಷ್ಠೆ ಸ್ತ್ರೀ. ಬಡವರನ್ನೂ ರೋಗಿಗಳನ್ನೂ ಕಾಣಲು ಹೋಗುವಾಗ ಅವರು ಜೀನ್‍ರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಕೊಡುವವರ ಗತ್ತು ಬಡವರ ಮನಸ್ಸನ್ನು ಹೇಗೆ ನೋಯಿಸಬಲ್ಲದು, ಕೊಡುವವರ ವಿನಯ ಅದೇ ಮನಸ್ಸನ್ನು ಹೇಗೆ ತಣಿಸಬಲ್ಲದು ಎಂಬುದನ್ನು ಅವರು ಕಲಿತದ್ದು ಅಲ್ಲಿಯೇ ಇರಬೇಕು. ಅವರನ್ನು ಮದುವೆಯಾಗಲು ನಾವಿಕ ಯುವಕನೊಬ್ಬ ಮುಂದೆ ಬಂದಾಗ ಜೀನ್ ಒಪ್ಪಲಿಲ್ಲ. ದೇವರು ತಮ್ಮನ್ನು ಇನ್ನೂ ಹುಟ್ಟದ ಯಾವುದೋ ಕಾರ್ಯಕ್ಕಾಗಿ ಕಾದಿರಿಸಿದ್ದಾನೆಂಬ ಭಾವನೆ ಅವರಲ್ಲಿ ಬೇರೂರಿತ್ತು. ಆ ಕಾರ್ಯ ಯಾವುದೆಂದು ತಿಳಿಯಲು ಅವರು ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು.

1817ರಲ್ಲಿ ಅವರು ಸಾಂ ಮಾಲೋ ಬಂದರಿನ ಪಕ್ಕದ ಸಾಂ ಸೆರ್ವಾಂ ಪಟ್ಟಣಕ್ಕೆ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಗೆ ನಿಂತರು. ಆರು ವರ್ಷಗಳ ದುಡಿತ ಅವರ ದೇಹವನ್ನು ಬಳಲಿಸಿತು. ಆಗ ಲೆಕೋಕ್ ಎಂಬ ವಯಸ್ಸಾದ ಅವಿವಾಹಿತೆಯೊಬ್ಬರು ಅವರನ್ನು ತಮ್ಮ ಮನೆಗೆ ಕರೆದುಕೊಂಡರು. ಹೆಸರಿಗೆ ಒಡತಿ ಮತ್ತು ಕೆಲಸದಾಕೆ; ನಡತೆಯಲ್ಲಿ ಇಬ್ಬರು ಗೆಳತಿಯರು. ಇಬ್ಬರೂ ಜೊತೆಯಾಗಿ ಪ್ರಾರ್ಥಿಸುತ್ತ, ದಿನನಿತ್ಯ ಬಲಿಪೂಜೆಗೆ ಹೋಗುತ್ತ, ಬಡವರನ್ನು ಸಂಧಿಸುತ್ತ ಹನ್ನೆರಡು ವರ್ಷ ಕಳೆದರು. ಆ ಅವಧಿಯಲ್ಲಿಯೇ, 1832ರಲ್ಲಿ, ಕಾಲರಾ ಮಾರಿಯು ಫ್ರಾನ್ಸನ್ನು ಹೊಕ್ಕು ಒಂದೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಇಕ್ಕಟ್ಟಾದ ಮನೆ, ಕೆಟ್ಟ ನೀರು, ಹಸಿದ ಹೊಟ್ಟೆ ಇದ್ದಲ್ಲಿ ಮಾರಿಯ ಹೊಡೆತ ಹೆಚ್ಚು ಎಂಬುದನ್ನು ಆ ತಲೆಮಾರು ಕಣ್ಣಾರೆ ಕಂಡಿತು. 1835ರಲ್ಲಿ ಲೆಕೋಕ್ ತೀರಿಕೊಂಡ ಬಳಿಕ ಜೀನ್ ಮನೆಮನೆಗಳಲ್ಲಿ ಬಟ್ಟೆ ಒಗೆದು, ನೆಲ ತೊಳೆದು ಹೊಟ್ಟೆ ಹೊರೆದುಕೊಳ್ಳತೊಡಗಿದರು. ಮುಂದೆ ಫ್ರಾನ್ಸ್ವಾಸ್ ಓಬೆರ್ ಎಂಬ ಎಪ್ಪತ್ತು ದಾಟಿದ ಸ್ತ್ರೀಯೊಡನೆ ಒಂದು ಪುಟ್ಟ ವಸತಿಯನ್ನು ಬಾಡಿಗೆಗೆ ಹಿಡಿದರು. ವರ್ಜೀನಿ ಎಂಬ ಹದಿನೇಳರ ಅನಾಥ ಹುಡುಗಿಯೂ ಅವರನ್ನು ಬಂದು ಸೇರಿದಳು.

ಅಂದಿನ ಸಾಂ ಸೆರ್ವಾಂ ಬಡತನದಿಂದ ಬೆಂದುಹೋಗಿತ್ತು. ಕಡಲಿನಲ್ಲಿ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಮುದುಕಿಯರು ಬೀದಿಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದರು. 1839ರ ಚಳಿಗಾಲದಲ್ಲಿ ಆನ್ ಶೋವಾಂ ಎಂಬ ಕಣ್ಣು ಕಾಣದ, ಅರ್ಧಾಂಗವಾಯು ಹೊಡೆದ ವಿಧವೆಯೊಬ್ಬಳು ನೋಡಿಕೊಳ್ಳುವವರಿಲ್ಲದೆ ಒಂಟಿಯಾಗಿದ್ದಾಳೆಂದು ಜೀನ್‍ರಿಗೆ ತಿಳಿಯಿತು. ಅವರು ಆಕೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಿ ತಮ್ಮ ಮನೆಗೆ ತಂದರು. ಮನೆಯಲ್ಲಿ ಹೆಚ್ಚಿನ ಹಾಸಿಗೆ ಇರಲಿಲ್ಲ. ಜೀನ್ ತಮ್ಮ ಹಾಸಿಗೆಯನ್ನು ಆಕೆಗೆ ಬಿಟ್ಟುಕೊಟ್ಟು ತಾವು ಅಟ್ಟದ ಮೇಲೆ ಮಲಗಿದರು. ಆಗ ಅವರಿಗೆ 47 ವರ್ಷ. ಯಾವ ಯೋಜನೆಯೂ ಇರಲಿಲ್ಲ, ಯಾವ ನಿಧಿಯೂ ಇರಲಿಲ್ಲ. ಇಂದು ಖಂಡಖಂಡಗಳಲ್ಲಿ ಹಬ್ಬಿರುವ ಒಂದು ದೊಡ್ಡ ಸೇವಾಸಂಸ್ಥೆ ಆ ಒಂದು ಹಾಸಿಗೆಯಿಂದಲೇ ಆರಂಭವಾಯಿತು.

ಬೇಗನೆ ಇನ್ನೊಬ್ಬ ಮುದುಕಿ ಬಂದಳು, ಮತ್ತೊಬ್ಬಳು ಬಂದಳು. ವರ್ಜೀನಿಯ ಗೆಳತಿ ಮರಿ ಜಾಮೆ ಎಂಬ ಯುವತಿ ನೆರವಿಗೆ ಬಂದಳು. ಊರಿನ ಸಹಾಯಕ ಗುರು ಲೆ ಪಾಯರ್ ಈ ಪುಟ್ಟ ಬಳಗಕ್ಕೆ ಮಾರ್ಗದರ್ಶಕರಾದರು. 1841ರಲ್ಲಿ ಹಳೆಯ ಹೆಂಡದಂಗಡಿಯೊಂದರ ಕೆಳಮನೆಯನ್ನು ಬಾಡಿಗೆಗೆ ಪಡೆದು ಹನ್ನೆರಡು ಮಂದಿಗೆ ಜಾಗ ಮಾಡಲಾಯಿತು. ಮರುವರ್ಷವೇ ಹಳೆಯ ಕನ್ಯಾಮಠದ ಕಟ್ಟಡವೊಂದು ದೊರೆತು ಸುಮಾರು 40 ವೃದ್ಧೆಯರಿಗೆ ಅಲ್ಲಿ ನೆಲೆಯಾಯಿತು.

ಇಷ್ಟು ಜನರ ಊಟಕ್ಕೇನು ದಾರಿ? ಇಲ್ಲಿ ಜೀನ್ ಮಾಡಿದ ಒಂದು ಕೆಲಸವನ್ನು ನಾವು ವಿಶೇಷವಾಗಿ ಗಮನಿಸಬೇಕು. ಆ ಮುದುಕಿಯರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಭಿಕ್ಷೆ ಬೇಡಿ ಬದುಕಿದವರು. ಯಾರು ಯಾರು ಯಾವ ಯಾವ ಮನೆಗೆ ಹೋಗುತ್ತಿದ್ದರು, ಅಲ್ಲಿ ಏನು ದೊರೆಯುತ್ತಿತ್ತು ಎಂದು ಜೀನ್ ಒಬ್ಬೊಬ್ಬರನ್ನೂ ಕೇಳಿ ತಿಳಿದುಕೊಂಡರು. ಬಳಿಕ ಅವರನ್ನು ಬೆಚ್ಚಗೆ ಮನೆಯೊಳಗೆ ಕುಳ್ಳಿರಿಸಿ, ಕೈಯಲ್ಲಿ ಬುಟ್ಟಿ ಹಿಡಿದು, ಅವರ ಬದಲಿಗೆ ಅದೇ ಮನೆಗಳ ಬಾಗಿಲಿಗೆ ತಾವು ಹೋದರು. ಚಳಿಯೂ ಮಳೆಯೂ ಅವಮಾನವೂ ಇನ್ನು ಮುದುಕಿಯರಿಗೆ ಬೇಡ, ಅವೆಲ್ಲ ತಮಗಿರಲಿ ಎಂಬುದು ಅವರ ನಿಶ್ಚಯ. ಉಳಿದ ರೊಟ್ಟಿ, ಹಳೆಯ ಬಟ್ಟೆ, ನೂಲಲು ಉಣ್ಣೆ, ಕೆಲವು ಕಾಸು, ಏನು ಕೊಟ್ಟರೂ ಕೃತಜ್ಞತೆಯಿಂದ ಸ್ವೀಕರಿಸುತ್ತಿದ್ದರು. ಒಮ್ಮೆ ಸಿಡುಕಿನ ಮನೆಯೊಡೆಯನೊಬ್ಬ ಅವರ ಕೆನ್ನೆಗೆ ಹೊಡೆದನಂತೆ. ಆ ಏಟು ತಮ್ಮ ಪಾಲಿಗೆ ಬಂದದ್ದು, ಇನ್ನು ತಮ್ಮ ಬಡವರ ಪಾಲನ್ನು ಕೊಡಬೇಕೆಂದು ಅವರು ಶಾಂತವಾಗಿ ಕೇಳಿಕೊಂಡರೆಂದೂ, ಆತ ನಾಚಿ ದಾನವಿತ್ತನೆಂದೂ ಹೇಳುತ್ತಾರೆ.

ಈ ಸೇವೆಯ ಕೀರ್ತಿ ಪ್ಯಾರಿಸ್ ನಗರವನ್ನೂ ಮುಟ್ಟಿತು. 1845ರ ಡಿಸೆಂಬರ್‍ನಲ್ಲಿ ಫ್ರೆಂಚ್ ಅಕಾಡೆಮಿಯು, ಬಡವರಾಗಿದ್ದುಕೊಂಡೇ ಪುಣ್ಯಕಾರ್ಯ ಮಾಡಿದವರಿಗೆ ನೀಡುವ ಮೋಂತ್ಯೋಂ ಪುರಸ್ಕಾರವನ್ನು 3000 ಫ್ರಾಂಕ್ ಸಹಿತ ಜೀನ್ ಜುಗಾನ್‍ರಿಗೆ ನೀಡಿತು. 1846ರಲ್ಲಿ ರೆನ್ ಮತ್ತು ದಿನಾಂ ಪಟ್ಟಣಗಳಲ್ಲಿ, 1849ರಲ್ಲಿ ಪ್ಯಾರಿಸ್‍ನಲ್ಲಿ, 1851ರಲ್ಲಿ ಲಂಡನ್ನಿನಲ್ಲಿ ಆಶ್ರಮಗಳು ತೆರೆದವು. ಕಷ್ಟದಲ್ಲಿದ್ದ ಆಶ್ರಮಗಳಿಗೆ ಬುಟ್ಟಿ ಹಿಡಿದ ಜೀನ್‍ರ ಕಾಲುಗಳೇ ಆಧಾರವಾಗಿದ್ದವು.

ಆದರೆ ಲೋಕ ಹೊಗಳುತ್ತಿದ್ದಾಗಲೇ ಮನೆಯ ಒಳಗೆ ಬೇರೊಂದು ಸಂಗತಿ ನಡೆದುಹೋಗಿತ್ತು. 1843ರ ಡಿಸೆಂಬರ್ 8ರಂದು ಸಹೋದರಿಯರು ಜೀನ್‍ರನ್ನು ಎರಡನೆಯ ಬಾರಿ ಮೇಲ್ವಿಚಾರಕಿಯನ್ನಾಗಿ ಆರಿಸಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಲೆ ಪಾಯರ್ ಆ ಆಯ್ಕೆಯನ್ನು ರದ್ದುಗೊಳಿಸಿ, ಇಪ್ಪತ್ತಮೂರರ ಮರಿ ಜಾಮೆಯನ್ನು ಆ ಸ್ಥಾನದಲ್ಲಿ ಕುಳ್ಳಿರಿಸಿದರು. ಜೀನ್ ವಾದಿಸಲಿಲ್ಲ, ಬುಟ್ಟಿ ಎತ್ತಿಕೊಂಡು ಭಿಕ್ಷೆಗೆ ಹೊರಟರು. 1852ರಲ್ಲಿ ಸಭೆಗೆ ರೆನ್ ಧರ್ಮಾಧ್ಯಕ್ಷರ ಮಾನ್ಯತೆ ದೊರೆಯಿತು. ಅದೇ ವರ್ಷ ಅವರನ್ನು ಭಿಕ್ಷೆಯ ಸೇವೆಯಿಂದಲೂ ಬಿಡಿಸಿ ಮಾತೃಮಠಕ್ಕೆ ಕರೆಸಿಕೊಳ್ಳಲಾಯಿತು. 1856ರಲ್ಲಿ ಮಾತೃಮಠವು ಸಾಂ ಪೆರ್ನ್ ಎಂಬ ಹಳ್ಳಿಗೆ ಸ್ಥಳಾಂತರವಾದಾಗ ಅವರೂ ಅಲ್ಲಿಗೆ ಹೋದರು. ಸಭೆಯ ಸ್ಥಾಪಕರೆಂದು ಲೆ ಪಾಯರ್ ಹೆಸರೇ ಪ್ರಚಾರಕ್ಕೆ ಬಂದಿತು. ನಿಜವಾದ ಸ್ಥಾಪಕಿ ಮೂರನೆಯ ಸಹೋದರಿಯೆಂದು ಎಣಿಕೆಯಾದರು.

ಹೀಗೆ 27 ವರ್ಷಗಳು ಕಳೆದವು. ಶಿಲುಬೆಯ ಸಿಸ್ಟರ್ ಮೇರಿ ಎಂಬ ಹೆಸರಿನಿಂದ ಅವರು ನವಶಿಷ್ಯೆಯರ ನಡುವೆ, ಯಾವ ಅಧಿಕಾರವೂ ಇಲ್ಲದ ಒಬ್ಬ ಮುದುಕಿಯಾಗಿ ಬಾಳಿದರು. ಅವರ ಪಕ್ಕದಲ್ಲಿ ಕುಳಿತು ಹೊಲಿಗೆ ಕಲಿತ ಯುವತಿಯರಲ್ಲಿ ಅನೇಕರಿಗೆ ತಾವು ಸೇರಿದ ಸಭೆಯನ್ನು ಕಟ್ಟಿದವರು ಅವರೇ ಎಂಬುದು ತಿಳಿದಿರಲಿಲ್ಲ. ಆದರೂ 1865ರಲ್ಲಿ ಸಭೆಯು ಸ್ಥಿರ ಆದಾಯವನ್ನು ಒಪ್ಪಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಾಗ ಅವರ ಅಭಿಪ್ರಾಯವನ್ನು ಕೇಳಲಾಯಿತು. ದೈವಾನುಗ್ರಹವನ್ನೇ ನಂಬಿ ನಡೆಯಬೇಕೆಂಬ ಅವರ ಮಾತಿಗೆ ಸಭೆ ಮಣಿಯಿತು. ತಮಗಾದ ಅನ್ಯಾಯದ ಬಗ್ಗೆ ಮಾತ್ರ ಅವರು ದೂರಲಿಲ್ಲ. ಕಿರಿಯರಿಗೆ ಅವರು ಕಲಿಸಿದ್ದು ಸಣ್ಣ ಸಣ್ಣ ಸಂಗತಿಗಳನ್ನು: ವೃದ್ಧರ ಮಾತನ್ನು ತಾಳ್ಮೆಯಿಂದ ಕೇಳುವುದು, ಅವರನ್ನು ನಗಿಸುವುದು, ಬಡವರಲ್ಲಿ ಪ್ರಭು ಯೇಸುವನ್ನೇ ಕಾಣುವುದು. ದೃಷ್ಟಿ ಮಂಕಾಯಿತು, ನಡೆಯಲು ಊರುಗೋಲು ಬೇಕಾಯಿತು. ಜಗತ್ತಿನ ವೃದ್ಧರಿಗಾಗಿ ಮನೆ ಕಟ್ಟಿದವರು ತಾವೇ ಮರೆತುಹೋದ ವೃದ್ಧೆಯಾಗಿ ಬದುಕಿ, ವೃದ್ಧಾಪ್ಯದ ಅತ್ಯಂತ ಕಹಿಯಾದ ಪಾಲನ್ನೂ ಉಂಡರು.

1879ರ ಮಾರ್ಚ್ 1ರಂದು ಜಗದ್ಗುರು ಹದಿಮೂರನೆಯ ಲಿಯೋ ಅವರು ಸಭೆಯ ನಿಯಮಾವಳಿಗೆ ಒಪ್ಪಿಗೆಯಿತ್ತರು. ಆಗ ಸಭೆಯಲ್ಲಿ ಸುಮಾರು 2400 ಸಹೋದರಿಯರಿದ್ದರು. ಅದೇ ವರ್ಷದ ಆಗಸ್ಟ್ 29ರಂದು, 86ನೆಯ ವಯಸ್ಸಿನಲ್ಲಿ, ಜೀನ್ ಜುಗಾನ್ ದೈವಾಧೀನರಾದರು. ಸತ್ಯ ಬಹಳ ಕಾಲ ಮರೆಯಾಗಿರಲಿಲ್ಲ. 1890ರಲ್ಲಿ ರೋಮ್ ಲೆ ಪಾಯರ್ ಅವರನ್ನು ಅಧಿಕಾರದಿಂದ ಇಳಿಸಿತು. ಕ್ರಮೇಣ ಸಭೆ ತನ್ನ ತಾಯಿಯನ್ನು ಗುರುತಿಸಿತು. 1982ರ ಅಕ್ಟೋಬರ್ 3ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಜೀನ್‍ರನ್ನು ಪುನೀತರೆಂದು ಘೋಷಿಸಿದರು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ ಅವರು ಸಂತ ಪದವಿಗೇರಿಸಿದರು. ಅಂದು ಅವರೊಡನೆ ಸಂತ ಪದವಿಗೇರಿದವರಲ್ಲಿ ಕುಷ್ಠರೋಗಿಗಳ ನಡುವೆ ಬಾಳಿ ಮಡಿದ ಮೊಲೊಕಾಯ್ ದ್ವೀಪದ ಫಾದರ್ ಡೇಮಿಯನ್ನರೂ ಇದ್ದರು. ಜೀನ್ ಬದುಕಿರುವಾಗಲೇ, 1868ರಲ್ಲಿ, ಅವರ ಸಹೋದರಿಯರು ಅಮೇರಿಕಾ ತಲುಪಿದ್ದರು. 1882ರಲ್ಲಿ ಅವರು ಕಲ್ಕತ್ತೆಗೂ ಬಂದರು. ಬೆಂಗಳೂರಿನ ಆಶ್ರಮಕ್ಕೂ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

ಆ ಅಟ್ಟದ ಮನೆಯಲ್ಲಿ ಹುಟ್ಟಿದ ಸೇವೆಗೆ 2020ರಲ್ಲಿ ಬಂದ ಪರೀಕ್ಷೆ ಸಾಮಾನ್ಯವಾದುದಲ್ಲ. ಕೋವಿಡ್ ವೃದ್ಧರನ್ನೇ ಹುಡುಕಿ ಹೊಡೆಯಿತು. ವಯಸ್ಸಾದಂತೆ ದೇಹದ ರೋಗನಿರೋಧಕ ಶಕ್ತಿ ಕುಂದುತ್ತದೆ. ಮಧುಮೇಹ, ಹೃದ್ರೋಗ, ಶ್ವಾಸಕೋಶದ ತೊಂದರೆಗಳು ಅದಕ್ಕೆ ಸೇರಿಕೊಳ್ಳುತ್ತವೆ. ಆಶ್ರಮಗಳಲ್ಲಿ ಊಟ, ಪ್ರಾರ್ಥನೆ, ನಿದ್ದೆ ಎಲ್ಲವೂ ಒಟ್ಟಾಗಿ ನಡೆಯುವುದರಿಂದ ಒಬ್ಬರಿಗೆ ತಗಲಿದ ಸೋಂಕು ಬೇಗ ಹತ್ತಾರು ಮಂದಿಗೆ ಹರಡುತ್ತದೆ. ಅಮೇರಿಕಾದ ಡೆಲವೇರ್ ರಾಜ್ಯದಲ್ಲಿ ಜೀನ್ ಜುಗಾನ್‍ರ ಹೆಸರನ್ನೇ ಹೊತ್ತ ಆಶ್ರಮದಲ್ಲಿ ಆ ವಸಂತದಲ್ಲಿ ಹಲವಾರು ವೃದ್ಧರು ತೀರಿಕೊಂಡರು. ಪ್ರೀತಿಯೊಂದೇ ರೋಗವನ್ನು ತಡೆಯಲಾರದು ಎಂಬ ಕಹಿಸತ್ಯವನ್ನು ನಾವು ಮುಚ್ಚಿಡಬಾರದು. ಪ್ರೀತಿಗೆ ವಿಜ್ಞಾನದ ಕೈಯೂ ಬೇಕು.

ಅವರ ತಾಯ್ನಾಡಾದ ಫ್ರಾನ್ಸಿನಲ್ಲಿ 2020ರ ಮಾರ್ಚ್ 11ರಂದು ವೃದ್ಧಾಶ್ರಮಗಳಿಗೆ ಬಂಧುಗಳ ಭೇಟಿಯನ್ನು ನಿಲ್ಲಿಸಲು ಸರಕಾರ ಆದೇಶಿಸಿತು. ಅನೇಕ ವೃದ್ಧರು ತಿಂಗಳಿಗೂ ಹೆಚ್ಚು ಕಾಲ ಮಕ್ಕಳ ಮುಖ ಕಾಣದೆ ಕೊಠಡಿಗಳಲ್ಲಿ ಉಳಿದರು. ಆ ಕತ್ತಲಲ್ಲಿಯೂ ಒಂದು ದೀಪ ಬೆಳಗಿತು. ಲಿಯೋನ್ ನಗರದ ಬಳಿಯ ಕೋರ್ಬಾಸ್ ಎಂಬಲ್ಲಿನ ವಿಲಾನೋವಾ ವೃದ್ಧಾಶ್ರಮದಲ್ಲಿ 106 ವೃದ್ಧರಿದ್ದರು. ಹೊರಗಿನಿಂದ ದಿನವೂ ಬಂದುಹೋಗುವ ತಮ್ಮಿಂದಲೇ ಸೋಂಕು ಒಳಬರಬಹುದೆಂದು ಅರಿತ ಅಲ್ಲಿನ 29 ಸಿಬ್ಬಂದಿ ಸ್ವಇಚ್ಛೆಯಿಂದ ತಮ್ಮ ಮನೆಮಕ್ಕಳನ್ನು ಬಿಟ್ಟು ಆಶ್ರಮದಲ್ಲಿಯೇ ಉಳಿಯಲು ಮುಂದಾದರು. ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದರು. ಈ ವಾಸ 47 ದಿನ ನಡೆಯಿತು. ಕೊನೆಗೆ ಪರೀಕ್ಷಿಸಿದಾಗ ಒಬ್ಬ ವೃದ್ಧರಿಗೂ ಸೋಂಕು ತಗಲಿರಲಿಲ್ಲ. ಅಲ್ಲಿ ವೃದ್ಧರ ದೇಹವೂ ಉಳಿಯಿತು, ಅವರ ಬಳಿ ಪರಿಚಿತ ಮುಖಗಳೂ ಉಳಿದವು. ಅವರು ಜೀನ್ ಜುಗಾನ್‍ರ ಸಹೋದರಿಯರಲ್ಲ, ಸಾಮಾನ್ಯ ನೌಕರರು. ಆದರೆ ಅವರು ಹಿಡಿದದ್ದು ಅಟ್ಟದ ಮೇಲೆ ಮಲಗಿದ ಆ ತಾಯಿಯ ದಾರಿಯನ್ನೇ ಎಂದು ನಮಗನಿಸುತ್ತದೆ.

ಲಸಿಕೆ ದೊರೆತಾಗ ಜಗತ್ತು ವೃದ್ಧರನ್ನು ಸಾಲಿನ ಮುಂದೆ ನಿಲ್ಲಿಸಿತು. 2020ರ ಡಿಸೆಂಬರ್ 27ರಂದು ಫ್ರಾನ್ಸಿನಲ್ಲಿ ಮೊದಲ ಲಸಿಕೆ ಪಡೆದವರು ಪ್ಯಾರಿಸ್ ಬಳಿಯ ಆಸ್ಪತ್ರೆಯೊಂದರ ವೃದ್ಧರ ವಿಭಾಗದಲ್ಲಿದ್ದ 78 ವರ್ಷದ ಸ್ತ್ರೀ. ಲಸಿಕೆಯನ್ನು ಪಡೆಯುವುದು ಧರ್ಮಸಮ್ಮತವೇ ಎಂಬ ಸಂದೇಹ ಕೆಲವು ಕಥೋಲಿಕ ಕುಟುಂಬಗಳಲ್ಲಿಯೂ ಇತ್ತು. 2020ರ ಡಿಸೆಂಬರ್‍ನಲ್ಲಿ ರೋಮಿನ ಧರ್ಮಸಿದ್ಧಾಂತ ಪೀಠವು ಲಸಿಕೆ ಪಡೆಯುವುದು ನೈತಿಕವಾಗಿ ಸ್ವೀಕಾರಾರ್ಹವೆಂದು ತಿಳಿಸಿತು. ಅದು ಬಲವಂತದಿಂದ ಅಲ್ಲ, ಸ್ವಇಚ್ಛೆಯಿಂದ ಆಗಬೇಕೆಂದೂ, ಆದರೆ ಪಡೆಯದವರು ದುರ್ಬಲರಿಗೆ ತಮ್ಮಿಂದ ಸೋಂಕು ತಗಲದಂತೆ ಎಚ್ಚರ ವಹಿಸಬೇಕೆಂದೂ ಸೇರಿಸಿತು. 2021ರ ಜನವರಿಯಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್ ಅವರೂ ನಿವೃತ್ತ ಜಗದ್ಗುರು ಬೆನೆಡಿಕ್ಟ್ ಅವರೂ ಲಸಿಕೆ ಪಡೆದು ಮೇಲ್ಪಂಕ್ತಿ ಹಾಕಿದರು.

ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಲಸಿಕಾ ಅಭಿಯಾನ ಆರಂಭವಾಗಿ, ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ ಲಸಿಕೆ ದೊರೆಯತೊಡಗಿತು. ಆದರೆ ಮೊಬೈಲ್ ಬಳಸಲರಿಯದ, ಸಾಲಿನಲ್ಲಿ ನಿಲ್ಲಲಾರದ ವೃದ್ಧರ ಗತಿಯೇನು? ಅದೇ ಮೇ ತಿಂಗಳಲ್ಲಿ ಮನೆಗಳ ಸಮೀಪದಲ್ಲಿಯೇ, ಸಮುದಾಯ ಭವನ, ಶಾಲೆ, ವೃದ್ಧಾಶ್ರಮಗಳಲ್ಲಿ ಲಸಿಕಾ ಕೇಂದ್ರಗಳನ್ನು ತೆರೆಯಲು ಕೇಂದ್ರ ಸರಕಾರ ಮಾರ್ಗಸೂಚಿ ನೀಡಿತು. ಸೆಪ್ಟೆಂಬರ್‍ನಲ್ಲಿ ಹಾಸಿಗೆ ಬಿಟ್ಟೇಳಲಾರದವರಿಗೆ ಮನೆಯಲ್ಲಿಯೇ ಲಸಿಕೆ ನೀಡಲು ಅನುಮತಿಯಿತ್ತಿತು. ಮುದುಕಿಯರನ್ನು ಮನೆಯಲ್ಲಿ ಕುಳ್ಳಿರಿಸಿ ಬುಟ್ಟಿ ಹಿಡಿದು ತಾವು ಹೊರಟ ಜೀನ್‍ರನ್ನು ಇಲ್ಲಿ ನೆನೆಯದಿರಲು ಸಾಧ್ಯವೇ? ವೃದ್ಧರು ಸಹಾಯವನ್ನು ಹುಡುಕಿ ಹೋಗಬಾರದು, ಸಹಾಯವೇ ವೃದ್ಧರನ್ನು ಹುಡುಕಿ ಬರಬೇಕು ಎಂಬುದೇ ಅವರು ಹಾಕಿಕೊಟ್ಟ ಕ್ರಮ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‍ನ ತುರ್ತುಸ್ಥಿತಿ ಮುಗಿದಿದೆಯೆಂದು ಸಾರಿತು. ನಮ್ಮ ಕರ್ತವ್ಯ ಮಾತ್ರ ಮುಗಿದಿಲ್ಲ. ಶೀತಜ್ವರ, ನ್ಯುಮೋನಿಯಾಗಳು ಇಂದಿಗೂ ಮುಪ್ಪಿನವರನ್ನು ಕಾಡುತ್ತವೆ, ಅವುಗಳಿಗೂ ಲಸಿಕೆಗಳಿವೆ. ಮನೆಯ ಹಿರಿಯರಿಗೆ ಯಾವುದು ಸೂಕ್ತವೆಂದು ವೈದ್ಯರನ್ನು ಕೇಳಿ ತಿಳಿಯುವ ಹೊಣೆ ಮಕ್ಕಳದು. ಮುಪ್ಪಿನ ದೇಹದಲ್ಲಿ ಲಸಿಕೆಯ ಫಲ ಕೆಲವೊಮ್ಮೆ ಕಡಿಮೆಯಾಗಿರುವುದರಿಂದ, ಅವರ ಸೇವೆಯಲ್ಲಿರುವವರೂ ಲಸಿಕೆ ಪಡೆಯುವುದು, ಕೆಮ್ಮು-ಜ್ವರವಿದ್ದಾಗ ಹತ್ತಿರ ಸುಳಿಯದಿರುವುದು, ಕೈ ತೊಳೆಯುವುದು, ಕೊಠಡಿಗೆ ಗಾಳಿ-ಬೆಳಕು ಬರುವಂತೆ ನೋಡಿಕೊಳ್ಳುವುದು ಅಗತ್ಯ. ಇವೂ ಪ್ರೀತಿಯ ಕಾರ್ಯಗಳೇ.

ಇದರ ಜೊತೆಗೆ ಇನ್ನೊಂದು ರಕ್ಷಣೆಯೂ ಬೇಕು. ಅದು ಯಾವ ಔಷಧಾಲಯದಲ್ಲಿಯೂ ದೊರೆಯದು. ಮಾತೃಮಠದಲ್ಲಿ 27 ವರ್ಷ ಮರೆತುಹೋದ ಆ ವೃದ್ಧೆಯನ್ನು ನೆನೆದಾಗ ನಮ್ಮ ಊರಿನ ಮುಚ್ಚಿದ ಕೊಠಡಿಗಳು ನಮಗೆ ನೆನಪಾಗುತ್ತವೆ. ಮಕ್ಕಳು ಕೊಲ್ಲಿ ದೇಶಗಳಲ್ಲಿಯೋ ಮುಂಬಯಿಯಲ್ಲಿಯೋ ನೆಲೆಸಿದ್ದು, ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದ ತಂದೆತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ? ಅವರು ಒಂದು ಕಾಲದಲ್ಲಿ ಈ ಧರ್ಮಕೇಂದ್ರಗಳನ್ನು ಕಟ್ಟಿದವರು ಎಂಬುದನ್ನು ಅವರ ಪಕ್ಕದಲ್ಲಿ ಕುಳಿತ ಕಿರಿಯರು ಅರಿತಿದ್ದಾರೆಯೇ?

ಈ ಹಬ್ಬದಂದು ಬಲಿಪೂಜೆ ಮುಗಿಸಿ ಮನೆಗೆ ಮರಳುವಾಗ ಅಂಥ ಒಂದು ಬಾಗಿಲನ್ನು ನಾವು ತಟ್ಟೋಣ. ವೈದ್ಯರ ಬಳಿಗೆ ಕರೆದೊಯ್ಯಲು ಯಾರೂ ಇಲ್ಲದಿದ್ದರೆ ನಾವೇ ಕರೆದೊಯ್ಯೋಣ. ಮಾತಿಗೆ ಯಾರೂ ಇಲ್ಲದಿದ್ದರೆ ಅರ್ಧ ಗಂಟೆ ಕುಳಿತು ಮಾತು ಕೇಳೋಣ. ಸಂತ ಜೀನ್ ಜುಗಾನ್‍ರ ಬಳಿ ಇದ್ದುದು ಒಂದೇ ಹಾಸಿಗೆ, ಅದನ್ನು ಅವರು ಕೊಟ್ಟುಬಿಟ್ಟರು. ಅವರ ಬಿನ್ನಹದ ಮೂಲಕ ನಮ್ಮ ಮನೆಗಳ ಹಿರಿಯರೆಲ್ಲರಿಗೂ ಆರೋಗ್ಯವನ್ನೂ, ಅವರನ್ನು ಮರೆಯದ ಹೃದಯವನ್ನು ನಮಗೂ ದೇವರು ದಯಪಾಲಿಸಲಿ.